ಮಾವ ಬಿಟ್ಟುಹೋದ ಮಷೀನು

ಗುಮಾಸ್ತನ ಭಾನುವಾರ ಹಾಳಾದದ್ದು ಷಡ್ಡಕನ ಒಳ್ಳೆಯತನದಿಂದ. ಕೆಟ್ಟತನದಿಂದ ಹಾಳಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಬೆಳಿಗ್ಗೆ ಎಂಟು ಗಂಟೆಗೆ ಕಾಂಪೌಂಡ್ ಗೋಡೆಯ ಆಚೆಯಿಂದ ತಲೆ ಎತ್ತಿದ ಷಡ್ಡಕ, ಇವನ ಹಿತ್ತಲನ್ನು ಒಮ್ಮೆ ನೋಡಿ, ಪಾಪ ಎನ್ನುವಂತೆ ಲೊಚಗುಟ್ಟಿ, "ತಮ್ಮಾ, ಹುಲ್ಲು ಮೊಣಕಾಲಿಗೆ ಬಂತಲ್ಲೋ. ನೀನೇನೂ ತಲೆ ಕೆಡಿಸ್ಕೋಬೇಡ. ಸಂಜೆ ಐದಕ್ಕೆ ಮಷೀನ್ ತಗೊಂಡು ನಾನೇ ಬರ್ತೀನಿ. ಅರ್ಧ ಗಂಟೆ ಕೆಲಸ" ಎಂದುಬಿಟ್ಟ.

"ಅಯ್ಯೋ, ನಿಮಗ್ಯಾಕೆ ತೊಂದರೆ ಭಾವ" ಎಂದು ಗುಮಾಸ್ತನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಹೇಳಿದಳು. ಅವಳ ದನಿಯಲ್ಲಿ ತೊಂದರೆ ಬೇಡ ಎನ್ನುವುದಕ್ಕಿಂತ ಐದು ಗಂಟೆಗೆ ತಪ್ಪದೆ ಬನ್ನಿ ಎನ್ನುವುದೇ ಹೆಚ್ಚಾಗಿತ್ತು. ಷಡ್ಡಕ ನಗುತ್ತ ಮರೆಯಾದ. ಅವಳು ಗಂಡನ ಕಡೆ ತಿರುಗಿ, "ದೇವರಂಥ ಮನುಷ್ಯ ನೋಡಿ" ಎಂದಳು. ಗುಮಾಸ್ತ ನೋಡಲಿಲ್ಲ.

ಅಕ್ಕತಂಗಿಯರನ್ನು ಮದುವೆಯಾದವರು ಬೇರೆ ಬೇರೆ ಊರಲ್ಲಿರಬೇಕು, ಕೊನೆಗೆ ಬೇರೆ ಬೇರೆ ಬೀದಿಯಲ್ಲಾದರೂ ಇರಬೇಕು ಎನ್ನುವುದು ಗುಮಾಸ್ತ ಅನುಭವದಿಂದ ಕಲಿತ ಪಾಠ. ಅಕ್ಕನ ಗಂಡನಾದ ಷಡ್ಡಕನದು ಗಾಜಿನ ಅಂಗಡಿ. ಅವನ ಮನೆಗೆ ಏನು ಬಂದರೂ ಅದರ ಸುದ್ದಿ ಗೋಡೆ ಹಾರಿ ಈ ಮನೆಗೆ ಬರುತ್ತಿತ್ತು. ಅಲ್ಲಿಗೆ ವಾಷಿಂಗ್ ಮಷೀನು ಬಂದ ವಾರ ಇಲ್ಲಿ ಬಟ್ಟೆ ಕುಕ್ಕುವ ಸದ್ದು ಎರಡರಷ್ಟಾಯಿತು. ಅಲ್ಲಿಗೆ ಹೊಸ ಸೋಫಾ ಬಂದಾಗ ಇಲ್ಲಿಯ ಕುರ್ಚಿಗಳೆಲ್ಲ ಒಂದೇ ದಿನಕ್ಕೆ ಕಿರುಗುಟ್ಟತೊಡಗಿದವು. ಇದೆಲ್ಲವನ್ನೂ ಗುಮಾಸ್ತ ಹೇಗೋ ನುಂಗಿಕೊಂಡಿದ್ದ. ನುಂಗಲಾರದೆ ಗಂಟಲಲ್ಲೇ ಉಳಿದದ್ದು ಆ ಹುಲ್ಲು ಕೊಯ್ಯುವ ಮಷೀನು. ಕಿತ್ತಳೆ ಬಣ್ಣ, ಹೆಗಲಿಗೆ ಮೆತ್ತನೆಯ ಪಟ್ಟಿ, ಹಗ್ಗ ಒಂದು ಸಲ ಎಳೆದರೆ ಸಾಕು, ಗುಡುಗುತ್ತ ಎದ್ದು ನಿಲ್ಲುತ್ತಿತ್ತು. ಷಡ್ಡಕ ಅದನ್ನು ಹೊತ್ತು ಅಂಗಳದಲ್ಲಿ ಆಚೀಚೆ ನಡೆದರೆ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಗುಮಾಸ್ತನಿಗೆ ಹೊಟ್ಟೆಕಿಚ್ಚು. ಅದನ್ನು ಅವನು ಬೇರೆಯವರ ಮುಂದೆ ಅಸಿಡಿಟಿ ಎನ್ನುತ್ತಿದ್ದ.

ಆ ಮಷೀನು ಇವತ್ತು ಸಂಜೆ ಐದಕ್ಕೆ ತನ್ನ ಹಿತ್ತಲಿಗೇ ಬಂದು, ತನ್ನ ಹೆಂಡತಿಯ ಮುಂದೆಯೇ ಗುಡುಗಿ, ತನ್ನ ಹುಲ್ಲನ್ನೇ ಕೊಯ್ಯುವುದೇ?

"ನಮ್ಮ ಹತ್ರ ಮಷೀನ್ ಇಲ್ವೇನೇ?" ಎಂದ ಗುಮಾಸ್ತ.

ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನಕ್ಕಳು. "ಇದೆಯಲ್ಲ, ನೆಲ ಒರೆಸೋ ಬಟ್ಟೆ ಒಣಗಿಸ್ತೀನಲ್ಲ ಅದರ ಮೇಲೆ!"

ಅವಳು ಹೇಳಿದ್ದು ನಿಜ. ಮಾವ ದೊಡ್ಡ ಆಸ್ಪತ್ರೆಯೊಂದರ ತೋಟದ ಮೇಸ್ತ್ರಿಯಾಗಿದ್ದವರು. ಜೀವಮಾನವೆಲ್ಲ ಹೊತ್ತು ತಿರುಗಿದ್ದ ಪೆಟ್ರೋಲ್ ಮಷೀನನ್ನು ಕಣ್ಣು ಮುಚ್ಚುವ ಮುಂಚೆ ಕಿರಿಯ ಅಳಿಯನನ್ನು ಕರೆದು ಕೈಗೆ ಕೊಟ್ಟಿದ್ದರು. ಆಗಲೇ ಅದರ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. 'ದೊಡ್ಡಳಿಯನಿಗೆ ಒಳಗಿಂದೊಳಗೆ ಏನೇನು ಕೊಟ್ಟರೋ, ನನಗೆ ಗುಜರಿ' ಎಂದುಕೊಂಡು ಗುಮಾಸ್ತ ಅದನ್ನು ಬಚ್ಚಲ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿದ. ಅದಾಗಿ ನಾಲ್ಕು ವರ್ಷ. ಮಷೀನು ಒರಗಿದ್ದು ಒರಗಿಯೇ ಇತ್ತು.

"ಐದು ಗಂಟೆಗೆ ನಿಮ್ಮ ಭಾವ ಬರ್ತಾರಲ್ಲ, ಬರಲಿ" ಎಂದ ಗುಮಾಸ್ತ. "ಅಷ್ಟು ಹೊತ್ತಿಗೆ ಈ ಹಿತ್ತಲಲ್ಲಿ ನಿಮ್ಮಪ್ಪನ ಮಷೀನ್ ಓಡ್ತಿರತ್ತೆ. ಇಲ್ಲದಿದ್ರೆ ಕೇಳು!"

"ಏನಂತ ಕೇಳಲಿ?" ಎಂದಳು ಹೆಂಡತಿ.

ಪೈಜಾಮ ಬನಿಯನ್ನಿನಲ್ಲೇ ಅವನು ಹಿತ್ತಲಲ್ಲಿ ಹಳೆಯ ಪೇಪರ್ ಹಾಸಿ ಕೂತ. ಟ್ಯಾಂಕಿನ ಮುಚ್ಚಳ ತೆಗೆದರೆ ನಾಲ್ಕು ವರ್ಷದ ಪೆಟ್ರೋಲು ಜೇನಿನಂತೆ ಗಟ್ಟಿಯಾಗಿ, ಹಳೆಯ ಪೇಂಟಿನ ವಾಸನೆ ಬೀರುತ್ತಿತ್ತು. ಪೆಟ್ರೋಲ್ ಪೈಪನ್ನು ಬೆರಳಲ್ಲಿ ಮುಟ್ಟಿದ. ಅದು ಪುಡಿಯಾಗಿ ಉದುರಿತು. ಗುಮಾಸ್ತ ಅಧೀರನಾಗಲಿಲ್ಲ. ಇಪ್ಪತ್ತೆರಡು ವರ್ಷ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವನಿಗೆ ಧೂಳು ಹಿಡಿದದ್ದನ್ನು ಕಂಡರೆ ಭಯವಿಲ್ಲ. ಸೈಕಲ್ ಶಾಪಿನಿಂದ ಹೊಸ ಪೈಪು ತಂದ. ಕಾರ್ಬೊರೇಟರನ್ನು ತನಗೆ ಗೊತ್ತಿದ್ದ ಒಂದೇ ವಿಧಾನದಲ್ಲಿ, ಅಂದರೆ ಆಫೀಸಿನ ವಿಧಾನದಲ್ಲಿ, ಬಿಚ್ಚಿದ. ಒಂದೊಂದು ಸ್ಕ್ರೂ ತೆಗೆದಾಗಲೂ ಅದಕ್ಕೊಂದು ನಂಬರು, ನಂಬರಿಗೊಂದು ಲಕೋಟೆ, ಲಕೋಟೆಯ ಮೇಲೆ ವಿವರ. 'ಕ್ರಮ ಸಂಖ್ಯೆ ಏಳು. ಸ್ಪ್ರಿಂಗು. ಚಿಕ್ಕದು. ಎಡಗಡೆ. ನೋಡಿ: ಕ್ರಮ ಸಂಖ್ಯೆ ಮೂರು.' ಹನ್ನೆರಡು ಲಕೋಟೆಗಳು ಸಾಲಾಗಿ ಕೂತವು. ತನ್ನ ಕೆಲಸ ನೋಡಿ ಅವನಿಗೇ ಹೆಮ್ಮೆಯಾಯಿತು.

ಆಗ ಎದುರುಮನೆಯ ರಿಟೈರ್ಡ್ ಬಸ್ ಡ್ರೈವರ್ ಗೇಟು ತಳ್ಳಿಕೊಂಡು ಬಂದ. ಯಾರ ಮನೆಯಲ್ಲಿ ಏನು ಬಿಚ್ಚಿದರೂ ಅವನ ಮೂಗಿಗೆ ಗ್ರೀಸಿನ ವಾಸನೆ ಹೋಗುತ್ತಿತ್ತು.

"ಏನ್ ಗುಮಾಸ್ತ್ರೇ, ಪಾರ್ಟ್ಸಿಗೆಲ್ಲ ಕಾಗದ ಬರೀತಿದ್ದೀರಾ?" ಎಂದು ಕುಕ್ಕರಗಾಲಲ್ಲಿ ಕೂತ. "ಮೂವತ್ತೊಂದು ವರ್ಷ ಗಾಡಿ ಓಡಿಸಿದೀನಿ. ಇಂಥದ್ದೆಲ್ಲ ಪೆಟ್ರೋಲಲ್ಲಿ ನೆನೆಸಿಬಿಡಬೇಕು." ಗುಮಾಸ್ತ ಬಾಯಿ ತೆಗೆಯುವಷ್ಟರಲ್ಲಿ ಹನ್ನೆರಡು ಲಕೋಟೆಗಳೂ ಒಂದೇ ಡಬ್ಬಿಗೆ ಬರಿದಾದವು.

"ಅಯ್ಯೋ! ಏಳನೇ ನಂಬರು!" ಎಂದು ಗುಮಾಸ್ತ ಕೂಗಿದ.

"ನಂಬರೆಲ್ಲ ಬಸ್ಸಿಗೆ ಸಾರ್" ಎಂದು ಡ್ರೈವರ್ ಡಬ್ಬಿ ಕಲಕಿದ.

ಜೋಡಿಸಿ ಮುಗಿಸುವಷ್ಟರಲ್ಲಿ ಹನ್ನೊಂದು ಗಂಟೆಯಾಯಿತು. ಕೊನೆಗೆ ಒಂದು ಸ್ಕ್ರೂ ಉಳಿಯಿತು. "ಉಳೀಬೇಕು. ಉಳೀಲಿಲ್ಲಾಂದ್ರೆ ಸರಿಯಾಗಿ ಬಿಚ್ಚಿಲ್ಲ ಅಂತರ್ಥ" ಎಂದು ಡ್ರೈವರ್ ಅದನ್ನು ಜೇಬಿಗೆ ಹಾಕಿಕೊಂಡ.

ಇನ್ನು ಪೆಟ್ರೋಲು. ಇಂಥ ಮಷೀನಿಗೆ ಬರೀ ಪೆಟ್ರೋಲು ಹಾಕುವಂತಿಲ್ಲ, ಲೆಕ್ಕ ಹಿಡಿದು ಎಣ್ಣೆ ಬೆರೆಸಬೇಕು. ಲೆಕ್ಕ ಎನ್ನುವ ಮಾತು ಬಾಯಿಂದ ಬಿದ್ದದ್ದೇ ತಡ, ಮೂಲೆಮನೆಯ ಲೆಕ್ಕದ ಮೇಷ್ಟ್ರು ಪೇಪರ್ ಮಡಿಚಿಕೊಂಡು ಬಂದರು.

"ಇಪ್ಪತ್ತೈದಕ್ಕೆ ಒಂದು" ಎಂದರು ಟ್ಯಾಂಕಿನ ಮೇಲಿನ ಅರ್ಧ ಅಳಿಸಿಹೋದ ಅಕ್ಷರ ಓದಿ. "ಅಂದರೆ ಲೀಟರಿಗೆ ನಲವತ್ತು ಮಿಲಿ. ಈ ಟಾನಿಕ್ ಮುಚ್ಚಳ ಹತ್ತು ಮಿಲಿ. ಆದ್ದರಿಂದ ನಾಲ್ಕು ಮುಚ್ಚಳ."

"ನಾವು ಕಣ್ಣಳತೇಲಿ ಹಾಕ್ತಿದ್ವಿ ಮೇಷ್ಟ್ರೇ" ಎಂದ ಡ್ರೈವರ್.

"ಕಣ್ಣಳತೆಗೆ ಪರೀಕ್ಷೇಲಿ ಸೊನ್ನೆ" ಎಂದು ಮೇಷ್ಟ್ರು ಮುಚ್ಚಳದಲ್ಲಿ ಎಣ್ಣೆ ಹೊಯ್ಯತೊಡಗಿದರು. ಹೊಯ್ಯುತ್ತಲೇ, ಕಣ್ಣಳತೆ ನಂಬಿದ ಒಬ್ಬ ಹುಡುಗ ಹೇಗೆ ಫೇಲಾದ ಎಂಬ ಕತೆ ಹೇಳಿದರು. ಕತೆ ಮುಗಿಯಿತು. ಮುಚ್ಚಳ ಕೈಯಲ್ಲೇ ಇತ್ತು. "ಈಗ ಹಾಕಿದ್ದು ಮೂರನೇದೋ ನಾಲ್ಕನೇದೋ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಬೆರೆಸಿದ್ದನ್ನು ಪಕ್ಕಕ್ಕಿಟ್ಟು, ಗುಮಾಸ್ತ ಇನ್ನೊಂದು ಬಾಟಲಿ ಪೆಟ್ರೋಲು ತರಲು ಬಂಕಿಗೆ ಓಡಿದ.

ಅವನು ಬಂದಾಗ ಹನ್ನೆರಡೂವರೆ. ಗೋಡೆಯ ಆಚೆ ಷಡ್ಡಕನ ವರಾಂಡದಲ್ಲಿ ಕಿತ್ತಳೆ ಮಷೀನು ಮೊಳೆಗೆ ನೇತಾಡುತ್ತಿತ್ತು. ಯಾರೋ ಅದನ್ನು ಬಟ್ಟೆಯಿಂದ ಒರೆಸಿಟ್ಟಿದ್ದರು. ತನ್ನ ಹೆಂಡತಿ ಅಕ್ಕನ ಜೊತೆ ಅದರ ಕೆಳಗೇ ನಿಂತು ಪೇಟೆಗೆ ಹೊರಡುವ ಮಾತಾಡುತ್ತಿದ್ದುದು ಕಂಡು ಗುಮಾಸ್ತನ ಅಸಿಡಿಟಿ ಕುತ್ತಿಗೆಯವರೆಗೆ ಏರಿತು.

"ಕರೆಂಟ್ ಬರ್ತಿದೆಯಾ ನೋಡ್ಬೇಕು" ಎಂದ ಡ್ರೈವರ್, ಸ್ಪಾರ್ಕ್ ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ. "ಮೇಷ್ಟ್ರೇ, ಸ್ವಲ್ಪ ಇದನ್ನ ಹಿಡ್ಕೊಳ್ಳಿ." ಮೇಷ್ಟ್ರು ಹಿಡಿದರು. ಡ್ರೈವರ್ ಹಗ್ಗ ಎಳೆದ. ಮೇಷ್ಟ್ರು ನಿಂತಲ್ಲಿಂದ ಒಂದಡಿ ಮೇಲೆ ಹೋಗಿ ಒಂದೂವರೆ ಅಡಿ ಆಚೆ ಇಳಿದರು. "ಬರ್ತಿದೆ" ಎಂದ ಡ್ರೈವರ್ ತೃಪ್ತಿಯಿಂದ. ಆ ಉತ್ಸಾಹದಲ್ಲೇ ಪ್ಲಗ್ ಹಾಕಿ, ಮೂವತ್ತೊಂದು ವರ್ಷ ಸ್ಟೇರಿಂಗ್ ತಿರುಗಿಸಿದ ತೋಳಿನಿಂದ ಇನ್ನೊಮ್ಮೆ ಎಳೆದ. ಹಗ್ಗ ಪಟ್ಟನೆ ಕಿತ್ತು ಅವನ ಕೈಗೇ ಬಂತು.

ಭಾನುವಾರ ಹಾರ್ಡ್‌ವೇರ್ ಅಂಗಡಿ ಅರ್ಧ ದಿನ ಮಾತ್ರ. ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಆ ರಂಧ್ರಕ್ಕೆ ದಪ್ಪ. ಹೊಲಿಗೆ ದಾರ ಸಣ್ಣ. ಗುಮಾಸ್ತ ಒಂದು ಕ್ಷಣ ಯೋಚಿಸಿ, ಮನೆಯೊಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದ. ಅವನ ಒಂದು ಕೈಯಲ್ಲಿ ಪೈಜಾಮದ ಲಾಡಿ ಇತ್ತು. ಪೈಜಾಮ ಸೊಂಟದಲ್ಲಿ ಆಫೀಸಿನಿಂದ ತಂದ ಕಪ್ಪು ಕ್ಲಿಪ್ಪಿನ ಆಧಾರದಲ್ಲಿ ನಿಂತಿತ್ತು. ನೂರು ಹಾಳೆಯ ಫೈಲು ಹಿಡಿಯುವ ಕ್ಲಿಪ್ಪು, ಒಬ್ಬ ಗುಮಾಸ್ತನ ಮಾನ ಹಿಡಿಯದೇ?

ಲಾಡಿ ಸರಿಯಾಗಿ ಕೂತಿತು. ಆದರೆ ಎಷ್ಟು ಎಳೆದರೂ ಮಷೀನು ಒಂದು ಸಲ ಗುಟುರು ಹಾಕಿ ಸುಮ್ಮನಾಗುತ್ತಿತ್ತು. "ಆಯಸ್ಸು ಮುಗಿದಿದೆ ಬಿಡಿ. ಸಂಜೆ ನಿಮ್ಮ ಷಡ್ಡಕರು ಬರ್ತಾರಲ್ಲ" ಎಂದ ಡ್ರೈವರ್. ಮೇಷ್ಟ್ರು ಇನ್ನೂ ಬೆರಳಿಗೆ ಉಫ್ ಉಫ್ ಎಂದು ಊದುತ್ತ, "ಅವರ ಮಷೀನು ಒಂದೇ ಎಳೆತಕ್ಕೆ ಹತ್ತತ್ತೆ. ನೂರಕ್ಕೆ ನೂರು" ಎಂದರು. ಇಬ್ಬರೂ ಊಟಕ್ಕೆ ಹೋದರು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿ ಎಲ್ಲರೂ ಭಾನುವಾರದ ನಿದ್ದೆಗೆ ಬಿದ್ದರು.

ಗುಮಾಸ್ತನಿಗೆ ಊಟ ಬೇಕಿರಲಿಲ್ಲ. ಅವನಿಗೆ ಅಳು ಬರುವಂತಾಗಿತ್ತು. 'ನೂರಕ್ಕೆ ನೂರು' ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಸಿಟ್ಟಿನಿಂದ ಮಷೀನಿನ ಸೈಲೆನ್ಸರಿಗೆ ಒಂದು ಏಟು ಕೊಟ್ಟ. ಅದರ ತೂತಿನಿಂದ ಚೂರು ಮಣ್ಣು ಉದುರಿತು.

ಮಣ್ಣು ಯಾಕೆ ಬರಬೇಕು? ಹೆಂಡತಿಯ ಹೇರ್‌ಪಿನ್ ತಂದು ಒಳಗೆ ಕೆದಕಿದ. ಇನ್ನಷ್ಟು ಮಣ್ಣು. ಯಾವುದೋ ಕಣಜ ನಾಲ್ಕು ವರ್ಷ ನೆಮ್ಮದಿಯಾಗಿ ಗೂಡು ಕಟ್ಟಿಕೊಂಡು, ಸೈಲೆನ್ಸರಿನ ಬಾಯಿಗೆ ಬಿರಡೆ ಹೊಡೆದಿತ್ತು. ಹೊಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಉಸಿರು ಬಿಡಲಾಗದೆ ಮಷೀನು ಸಾಯುತ್ತಿತ್ತು. ಗುಮಾಸ್ತ ಒಂದು ಗಂಟೆ ಕೂತು, ಕೊನೆಯ ಕಣ ಮಣ್ಣನ್ನೂ ಕೆರೆದು ತೆಗೆದ. ಆಮೇಲೆ ಸೊಂಟದ ಕ್ಲಿಪ್ಪು ಬಿಗಿ ಮಾಡಿ, ಮಾವನನ್ನು ನೆನೆದು ಲಾಡಿ ಎಳೆದ.

ಮಷೀನು ಕೆಮ್ಮಿತು. ಇನ್ನೊಮ್ಮೆ ಎಳೆದ. ನೀಲಿ ಹೊಗೆ ಕಾರಿ, ಒಂದು ಗಳಿಗೆ ತಡವರಿಸಿ, ಗಡಗಡನೆ ಹೊತ್ತಿಕೊಂಡಿತು!

ಗುಮಾಸ್ತ ಕುಣಿದ. ಬನಿಯನ್ನಿನಿಂದಲೇ ಕಣ್ಣೊರೆಸಿಕೊಂಡ. ಹೆಂಡತಿಯನ್ನು ಕೂಗಲು ತಿರುಗಿದರೆ ಅವಳು ಪೇಟೆಯಿಂದ ಬಂದಿರಲಿಲ್ಲ. ಗೋಡೆಯಾಚೆ ಇಣುಕಿದರೆ ಷಡ್ಡಕನ ಬಾಗಿಲೂ ಮುಚ್ಚಿತ್ತು. ಇಡೀ ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ.

ಬುದ್ಧಿ ಇದ್ದವನಾಗಿದ್ದರೆ ಆಗಲೇ ಹುಲ್ಲು ಕೊಯ್ದು ಕೈ ತೊಳೆದುಕೊಳ್ಳುತ್ತಿದ್ದ. ಆದರೆ ಹೊಟ್ಟೆಕಿಚ್ಚಿನವನಿಗೆ ಹುಲ್ಲು ಮುಖ್ಯವಲ್ಲ. ಯಾರೂ ನೋಡದ ಗೆಲುವು ಯಾವ ಗೆಲುವು? ಐದು ಗಂಟೆಗೆ ಷಡ್ಡಕ ಕಿತ್ತಳೆ ಮಷೀನು ಹೊತ್ತು ಬರಬೇಕು, ಹೆಂಡತಿ ಮೆಟ್ಟಿಲ ಮೇಲೆ ನಿಂತಿರಬೇಕು, ಆಗ ಲಾಡಿ ಎಳೆಯಬೇಕು. ಗುಮಾಸ್ತ ಮಷೀನು ಆಫ್ ಮಾಡಿ, ಗಡಿಯಾರ ನೋಡುತ್ತ ಕೂತ.

ಐದಕ್ಕೆ ಐದು ನಿಮಿಷ ಇರುವಾಗ ಎಲ್ಲರೂ ಬಂದರು. ಡ್ರೈವರ್ ಆಕಳಿಸುತ್ತ, "ಮಧ್ಯಾಹ್ನ ಬಸ್ಸು ಓಡಿಸಿದ ಹಾಗೆ ಕನಸು ಬಿತ್ತು" ಎಂದ. ಮೇಷ್ಟ್ರು ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಹೆಂಡತಿ, ಅವಳ ಅಕ್ಕ, ಅವರ ಹಿಂದೆ ಹೊಸ ಮಷೀನು ಹೆಗಲಿಗೇರಿಸಿದ ಷಡ್ಡಕ.

"ಅಣ್ಣಾ, ಒಂದು ನಿಮಿಷ. ನಿಮ್ಮ ಮಷೀನ್ ಕೆಳಗಿಡಿ" ಎಂದ ಗುಮಾಸ್ತ ಗತ್ತಿನಿಂದ. "ಮಾವನ ಮಷೀನ್ ನೋಡಿ ಈಗ."

ಹೊಸ ಪೆಟ್ರೋಲು ಒಳಗೆ ಬರಲೆಂದು ಒತ್ತುವ ರಬ್ಬರ್ ಗುಂಡಿಯನ್ನು ಆರು ಸಲ ಒತ್ತಬೇಕಿತ್ತು. ಎಲ್ಲರ ಕಣ್ಣೂ ತನ್ನ ಮೇಲಿದ್ದ ಗಾಬರಿಗೆ ಇಪ್ಪತ್ತು ಸಲ ಒತ್ತಿದ. ಚೋಕ್ ಮುಚ್ಚಿದ. ಲಾಡಿ ಎಳೆದ. ಏನೂ ಇಲ್ಲ. ಇನ್ನೊಮ್ಮೆ. ಏನೂ ಇಲ್ಲ. ಹತ್ತು ಸಲ, ಹದಿನೈದು ಸಲ. ಮಷೀನಿನಿಂದ ಪೆಟ್ರೋಲಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

"ಮಧ್ಯಾಹ್ನ ಸ್ಟಾರ್ಟ್ ಆಗಿತ್ತು! ಎರಡೇ ಎಳೆತಕ್ಕೆ!" ಎಂದು ಏದುಸಿರು ಬಿಟ್ಟ.

"ಹೌದು ಹೌದು, ಎಲ್ಲರೂ ಮಲಗಿದ್ದಾಗ" ಎಂದಳು ಹೆಂಡತಿ.

ಗುಮಾಸ್ತ ಹಲ್ಲು ಕಚ್ಚಿ, ಇದ್ದ ಬಲವೆಲ್ಲ ಹಾಕಿ ಎಳೆದ. ಟಪ್ಪೆಂದು ಸದ್ದಾಯಿತು. ಹಾರಿದ್ದು ಕ್ಲಿಪ್ಪು. ಹೂಕುಂಡಕ್ಕೆ ಬಡಿದು ಬಿತ್ತು. ಗುಮಾಸ್ತ ಎರಡೂ ಕೈಯಿಂದ ಪೈಜಾಮ ಹಿಡಿದುಕೊಂಡ. ಎರಡೂ ಕೈ ಪೈಜಾಮಕ್ಕೇ ಬೇಕಾದ್ದರಿಂದ ಮಷೀನಿಗೆ ಕೈ ಉಳಿಯಲಿಲ್ಲ.

"ಕೊಡು ತಮ್ಮಾ ಇಲ್ಲಿ" ಎಂದ ಷಡ್ಡಕ ಬಲು ಮೃದುವಾಗಿ. ಮಷೀನನ್ನು ಮೂಸಿದ. "ಪಾಪ, ಹೊಟ್ಟೆ ತುಂಬ ಕುಡಿದಿದೆ." ಚೋಕ್ ತೆರೆದ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದ, ಒಂದೇ ಒಂದು ಸಲ ಎಳೆದ.

ಗಡಗಡನೆ ಹೊತ್ತಿಕೊಂಡಿತು.

ಚಪ್ಪಾಳೆ! "ನಾನು ಕಾರ್ಬೊರೇಟರ್ ನೆನೆಸಿದ್ದು ಕೆಲಸ ಮಾಡಿತು" ಎಂದ ಡ್ರೈವರ್. "ಇಪ್ಪತ್ತೈದಕ್ಕೆ ಒಂದು" ಎಂದರು ಮೇಷ್ಟ್ರು. "ನಾಲ್ಕು ವರ್ಷ ಇವರ ಕೈಲಿ ಸತ್ತು ಬಿದ್ದಿತ್ತು, ಭಾವ ಮುಟ್ಟಿದ್ದೇ ಜೀವ ಬಂತು ನೋಡಿ!" ಎಂದಳು ಹೆಂಡತಿ. ಕಣಜದ ಗೂಡು, ಹೇರ್‌ಪಿನ್ನು, ಒಂದು ಗಂಟೆ ಕೆದಕಿದ್ದು ಎಂದು ಗುಮಾಸ್ತ ಏನೋ ಹೇಳಿದ. ಆ ಗಡಗಡದಲ್ಲಿ ಯಾರಿಗೂ ಕೇಳಿಸಲಿಲ್ಲ. ಷಡ್ಡಕ ಆ ಮಷೀನಿನಿಂದಲೇ ಇಡೀ ಹಿತ್ತಲು ಕೊಯ್ದ. ಗುಮಾಸ್ತ ಪೈಜಾಮ ಹಿಡಿದುಕೊಂಡು ಒಂದು ಕಡೆ ನಿಂತಿದ್ದ. ಅಕ್ಕತಂಗಿಯರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಿಂತು, "ಅಪ್ಪ ಬರ್ತಿರೋ ಹಾಗಿದೆ ಅಲ್ವೇನೇ" ಎಂದು ಮೂಗೊರೆಸಿಕೊಂಡರು.

ಮಷೀನು ನಿಲ್ಲಿಸಿ ಷಡ್ಡಕ ಬೆವರು ಒರೆಸಿಕೊಂಡ. ಅವನ ಮುಖ ಯಾಕೋ ಕೆಂಪಾಗಿತ್ತು. "ತಮ್ಮಾ, ಒಂದು ಮಾತು. ಈ ಹಳೇದು ನಿನ್ನ ಕೈಲಿ ಓಡೋದು ಕಷ್ಟ. ನನ್ನ ಹೊಸದು ತಗೋ, ಇದನ್ನ ನನಗೆ ಕೊಡು. ಏನಂತೀಯ?"

ಕಿತ್ತಳೆ ಮಷೀನು! ತನಗೆ! ಕೂಡಲೇ ಒಪ್ಪಿದರೆ ಚೆನ್ನಾಗಿರುವುದಿಲ್ಲವೆಂದು ಗುಮಾಸ್ತ ಮುಖ ಗಂಟು ಹಾಕಿಕೊಂಡು, "ಮಾವ ಕೊಟ್ಟಿದ್ದು..." ಎಂದು ರಾಗ ಎಳೆದ.

"ಕೊಟ್ಟುಬಿಡ್ರೀ, ಅವರ ಹತ್ರ ಇದ್ರೆ ಓಡತ್ತಾದ್ರೂ" ಎಂದಳು ಹೆಂಡತಿ.

"ನೀವೆಲ್ಲ ಹೇಳಿದ ಮೇಲೆ ಇನ್ನೇನು" ಎಂದು ಗುಮಾಸ್ತ ಒಂದು ಕೈಯಿಂದ ಪೈಜಾಮ, ಇನ್ನೊಂದರಿಂದ ಹೊಸ ಮಷೀನು ಹಿಡಿದುಕೊಂಡ. ಒಳಗೊಳಗೇ ಲಡ್ಡು ತಿಂದಷ್ಟು ಖುಷಿ. ಎರಡು ಕಾಸಿಗೆ ಬಾಳದ ಗುಜರಿ ಕೊಟ್ಟು, ಬೀದಿಯೇ ಬಾಯಿ ಬಿಟ್ಟು ನೋಡುವ ಮಾಲು ಹೊಡೆದಿದ್ದೇನೆ. ನಮ್ಮ ಷಡ್ಡಕನಂಥ ಪೆದ್ದ ಇನ್ನೊಬ್ಬನಿಲ್ಲ ಎಂದುಕೊಂಡ. ವರ್ಷಗಳ ಅಸಿಡಿಟಿ ಒಂದೇ ಸಲಕ್ಕೆ ಇಳಿದು ಹೋಯಿತು.

ಅವನು ಗೇಟಿನವರೆಗೆ ಹೋಗಿ ಷಡ್ಡಕನನ್ನು ಬೀಳ್ಕೊಟ್ಟ. ಷಡ್ಡಕ ಹಳೆಯ ಮಷೀನನ್ನು ಮಗುವಿನಂತೆ ಎದೆಗವಚಿಕೊಂಡು ನಿಂತ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದ.

"ಈಗ ಹೇಳ್ತೀನಿ ತಮ್ಮಾ, ತಪ್ಪು ತಿಳೀಬೇಡ. ದೊಡ್ಡಳಿಯ ನಾನು. ಮಾವ ನನ್ನ ಬಿಟ್ಟು ನಿನ್ನ ಕರೆದು ಇದನ್ನ ಕೊಟ್ರಲ್ಲ, ಆವತ್ತಿಂದ ನನಗೆ ಹೊಟ್ಟೇಲಿ ಬೆಂಕಿ. 'ಅಪ್ಪನ ಮಷೀನು ತಂಗಿ ಮನೇಲಿದೆ' ಅಂತ ನಿಮ್ಮಕ್ಕ ಹೇಳದ ದಿನ ಇಲ್ಲ. ಆ ಸಂಕಟಕ್ಕೇ ಹೊಸದು ತಂದೆ. ಬೀದಿಯೆಲ್ಲ ಹೊಗಳಿತು, ಅವಳು ಮಾತ್ರ ಒಂದು ದಿನ ಬಾಗಿಲಿಗೂ ಬರಲಿಲ್ಲ. ನಾಲ್ಕು ವರ್ಷದಿಂದ ನಿನ್ನ ಕಂಡ್ರೆ ನನಗೆ ಎಂಥ ಹೊಟ್ಟೆಕಿಚ್ಚು ಅಂತೀಯ! ಇವತ್ತು ತಣ್ಣಗಾಯ್ತು ನೋಡು."

ಅಷ್ಟು ಹೇಳಿ ಅವನು ಲಘುವಾಗಿ ಹೆಜ್ಜೆ ಹಾಕುತ್ತ ಹೋದ. ಲಾಡಿ ಅವನ ಮೊಣಕೈ ಮೇಲೆ ತೂಗಾಡುತ್ತಿತ್ತು.

ಗುಮಾಸ್ತ ಗೇಟು ಹಿಡಿದು ನಿಂತೇ ಇದ್ದ. ನಾಲ್ಕು ವರ್ಷ! ನಾಲ್ಕು ವರ್ಷ ತನ್ನನ್ನು ಕಂಡು ಷಡ್ಡಕ ಉರಿದಿದ್ದಾನೆ, ತನಗೆ ಗೊತ್ತೇ ಆಗಲಿಲ್ಲ! ಗೊತ್ತಾಗಿದ್ದರೆ ಆ ಮಷೀನನ್ನು ವರಾಂಡದಲ್ಲೇ ನೇತುಹಾಕಿ, ದಿನಕ್ಕೆರಡು ಸಲ ಒರೆಸುತ್ತಿದ್ದ. ಅನುಭವಿಸಬಹುದಾಗಿದ್ದ ಅಷ್ಟೂ ಸುಖ ನೆಲ ಒರೆಸುವ ಬಟ್ಟೆಯ ಕೆಳಗೆ ಕೊಳೆತುಹೋಯಿತು. ಇಳಿದಿದ್ದ ಅಸಿಡಿಟಿ ಬಡ್ಡಿ ಸಮೇತ ಮೇಲೆ ಬಂತು.

ಆಚೆ ಅಂಗಳದಲ್ಲಿ ಮಾವನ ಮಷೀನು ಗಡಗಡ ಎಂದಿತು. ಎದುರುಮನೆಯ ಬಾಗಿಲು ತೆರೆಯಿತು, ಮೂಲೆಮನೆಯ ಬಾಗಿಲು ತೆರೆಯಿತು. ಹೆಂಡತಿ ಚಪ್ಪಲಿಯನ್ನೂ ಹಾಕದೆ ಅಕ್ಕನ ಮನೆಗೆ ಓಡಿದಳು. ಗುಮಾಸ್ತ ಬಿದ್ದಿದ್ದ ಕ್ಲಿಪ್ಪನ್ನು ಹುಡುಕಿ ಸೊಂಟಕ್ಕೆ ಸಿಕ್ಕಿಸಿದ. ಕಿತ್ತಳೆ ಮಷೀನನ್ನು ಗೋಡೆಯ ಹತ್ತಿರಕ್ಕೆ ಒಯ್ದು, ಎಲ್ಲರಿಗೂ ಕಾಣುವಂತೆ ನಿಂತು, ಹಗ್ಗ ಎಳೆದ. ಒಂದೇ ಎಳೆತಕ್ಕೆ ಅದು ಗುಡುಗಿತು.

ಗೋಡೆಯ ಆಚೆ ಯಾರೂ ತಿರುಗಿ ನೋಡಲಿಲ್ಲ. ಹೆಂಡತಿ ಮಾತ್ರ ತಿರುಗಿದಳು. ಕಿವಿಗೆ ಕೈ ಅಡ್ಡ ಹಿಡಿದು, ಗಂಟಲು ಹರಿಯುವಂತೆ ಕೂಗಿದಳು:

"ರೀ, ಆ ದರಿದ್ರದ್ದನ್ನ ಆಫ್ ಮಾಡ್ರೀ! ಅಪ್ಪನ ಮಷೀನಿನ ಸದ್ದೇ ಕೇಳಿಸ್ತಿಲ್ಲ!"